ಜೆರಾಕ್ಸ್ ಅಕ್ಕನ ಹೇಳಿಕೆ

ನಮ್ಮ ಮಾಧ್ಯಮ ವಿಭಾಗದಿಂದ ವಾರಕ್ಕೊಮ್ಮೆ ಒಂದು ಪ್ರಾಯೋಗಿಕ ಪತ್ರಿಕೆ ಹೊರಬರುತ್ತದೆ. ಬರೆಯುವವರು ವಿದ್ಯಾರ್ಥಿಗಳು, ಪುಟ ಕಟ್ಟುವವರೂ ಅವರೇ, ಓದುವವರೂ ಹೆಚ್ಚುಕಡಿಮೆ ಅವರೇ. ಉಸ್ತುವಾರಿ ನನ್ನದು. ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ವರದಿ ತಿದ್ದಿ ತಿದ್ದಿ ಸಾಕಾಗಿ ಪಾಠ ಹೇಳಲು ಬಂದವಳು ನಾನು. ಇಲ್ಲಿಗೆ ಬಂದ ಮೇಲೂ ತಿದ್ದುತ್ತಲೇ ಇದ್ದೇನೆ.

ವಿಭಾಗದಲ್ಲಿ ನಾನು ಮಾಡಿದ ನಿಯಮ ಒಂದೇ. ಯಾರ ಬಗ್ಗೆಯಾದರೂ ತಪ್ಪು ಅಚ್ಚಾದರೆ, ಬರೆದವರು ತಿದ್ದುಪಡಿಯನ್ನು ಕೈಯಲ್ಲಿ ಹಿಡಿದು ಆ ವ್ಯಕ್ತಿಯ ಎದುರು ನಿಂತು ಓದಬೇಕು. ಅಚ್ಚಿಗೆ ಹೋಗುವುದು ಆಮೇಲೆ. ಹುಡುಗರಿಗೆ ಈ ನಿಯಮ ಕಂಡರಾಗದು. ‘ಬೇಕಾದ್ರೆ ಮಾರ್ಕ್ಸ್ ಕಳೀರಿ ಮೇಡಂ, ಎದುರಿಗೆ ಮಾತ್ರ ಓದಿಸಬೇಡಿ’ ಎಂದು ಅಂಗಲಾಚಿದವರಿದ್ದಾರೆ. ನಾನು ಜಗ್ಗಿಲ್ಲ.

ಆ ವರ್ಷದ ತರಗತಿಯಲ್ಲಿ ಒಬ್ಬನನ್ನು ಎಲ್ಲರೂ ಆ್ಯಂಕರ್ ಎಂದೇ ಕರೆಯುತ್ತಿದ್ದರು. ಫ್ಯಾನ್ ಕೆಟ್ಟ ದಿನವೂ ಕೋಟು ಬಿಚ್ಚದ ಆಸಾಮಿ. ಕ್ಯಾಂಟೀನಿನಲ್ಲಿ ಟೀ ಕೇಳಿದರೂ ದೇಶಕ್ಕೇನೋ ಆಗಿಹೋಯಿತು ಎಂಬ ದನಿ. ಚುರುಕು ಹುಡುಗ, ಸುಳ್ಳು ಹೇಳಬಾರದು. ಇದ್ದ ಕೊರತೆ ಒಂದೇ: ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಕೇಳುವವನೂ ತಾನೇ, ಹೇಳುವವನೂ ತಾನೇ.

ನಮ್ಮ ಗ್ರಂಥಾಲಯದ ಮೆಟ್ಟಿಲ ಕೆಳಗೆ ಒಂದು ಜೆರಾಕ್ಸ್ ಅಂಗಡಿ. ಅಂಗಡಿ ಎಂದರೆ ಅಂಗಡಿ, ಗೂಡು ಎಂದರೆ ಗೂಡು. ಒಂದು ಮಿಷನ್, ಒಂದು ಟ್ಯೂಬ್‌ಲೈಟು, ಕಾಗದದ ಕಟ್ಟುಗಳು. ಕಿಟಕಿ ಇಲ್ಲ. ನಡೆಸುವಾಕೆ ವಿದ್ಯಾರ್ಥಿಗಳಿಗೆಲ್ಲ ಜೆರಾಕ್ಸ್ ಅಕ್ಕ. ಮೂಲೆಯ ಸ್ಟೂಲಿನ ಮೇಲೆ ಅವಳ ಅತ್ತೆ. ವಯಸ್ಸಾದವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವೆಂದು ಅಕ್ಕ ದಿನಾ ಜೊತೆಗೆ ಕರೆತರುತ್ತಿದ್ದಳು. ಅತ್ತೆ ನೋಟ್ಸುಗಳಿಗೆ ಪಿನ್ನು ಹೊಡೆಯುತ್ತ, ಕೆಮ್ಮುತ್ತ, ಬಂದವರನ್ನೆಲ್ಲ ಮಾತಾಡಿಸುತ್ತ ಕೂತಿರುತ್ತಿದ್ದರು.

ಒಂದು ದಿನ ಆ ಅಂಗಡಿಯ ಗೋಡೆಗೆ ನೋಟೀಸು ಬಿತ್ತು. ಮೆಟ್ಟಿಲ ಕೆಳಗಿನ ಜಾಗವನ್ನು ತಿಂಗಳೊಳಗೆ ತೆರವುಗೊಳಿಸತಕ್ಕದ್ದು. ಕೆಳಗೆ ಕುಲಸಚಿವರ ಸಹಿ. ಆ್ಯಂಕರ್ ಅದರ ಫೋಟೊ ಹೊಡೆದ, ಅಕ್ಕನ ಫೋಟೊವನ್ನೂ ಹೊಡೆದ, ಸಂಜೆಯೊಳಗೆ ವರದಿ ಕೊಟ್ಟ. ವರದಿಯ ನಡುವೆ ಅಕ್ಕನ ಹೇಳಿಕೆ ಇತ್ತು: ‘ಈ ಕತ್ತಲೆಯಲ್ಲೇ ನನ್ನ ಬದುಕು ಬೆಳಗಿದ್ದು. ನನ್ನನ್ನು ಇಲ್ಲಿಂದ ಎಬ್ಬಿಸೋದಾದ್ರೆ, ಮಿಷನ್ ಜೊತೆ ನನ್ನನ್ನೂ ಹೊತ್ಕೊಂಡು ಹೋಗ್ಲಿ.’

ಓದಿ ನನಗೆ ಖುಷಿಯಾಯಿತು. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ ಬಾಯಿ ತುಂಬ ಹೊಗಳಿದೆ. ‘ಹೇಳಿಕೆ ಅಂದ್ರೆ ಹೀಗಿರಬೇಕು’ ಎಂದೆ. ಇಷ್ಟು ಚೆಂದದ ಮಾತು ಬಂದಾಗ ಡೆಸ್ಕಿನಲ್ಲಿ ಕೂತವರು ಮೊದಲು ಅನುಮಾನಪಡಬೇಕು. ಆ ಪಾಠ ಮುಂದಿನ ವಾರಕ್ಕಿತ್ತು.

ನಮ್ಮ ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ನಗರದ ದಿನಪತ್ರಿಕೆಯೊಂದು ಎತ್ತಿಕೊಂಡು ಹೇಳಿಕೆಯನ್ನೇ ಶೀರ್ಷಿಕೆ ಮಾಡಿತು. ಆಮೇಲೆ ಹಿಡಿಯುವವರಿಲ್ಲ. ಸಾರ್ವಜನಿಕ ಸಂಪರ್ಕ ಓದುವ ಹುಡುಗಿಯರು ಆ ಸಾಲನ್ನು ಪೋಸ್ಟರ್ ಮಾಡಿದರು. ಗ್ರಂಥಾಲಯದ ಮುಂದೆ ‘ಅಕ್ಕನನ್ನು ಮುಟ್ಟಬೇಡಿ’ ಎಂಬ ಕೂಗು. ಎಲ್ಲರ ಫೋನಿನಲ್ಲೂ ಅಕ್ಕನದೇ ಮುಖ. ಕುಲಸಚಿವರು ಪತ್ರಿಕೆಗೆ ಹೆದರುವ ಮನುಷ್ಯ. ನೋಟೀಸು ಹಿಂತೆಗೆದುಕೊಂಡರು. ಅಂಗಡಿ ಇದ್ದಲ್ಲೇ ಇರುತ್ತದೆ ಎಂದು ಪ್ರಕಟಿಸಿದರು. ಅಷ್ಟಕ್ಕೇ ಸುಮ್ಮನಾಗದೆ, ಗೇಟಿನ ಪಕ್ಕ ಖಾಲಿಯಿದ್ದ ಕೋಣೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಸ್ಟುಡಿಯೋ ಮಾಡಿಕೊಳ್ಳಲು ಕೊಟ್ಟು ಕೈತೊಳೆದುಕೊಂಡರು. ಹುಡುಗರು ಕುಣಿದಾಡಿದರು. ಮೊದಲ ಕೆಲಸವೆಂದು, ಹೊರಗಿನ ಸದ್ದು ಬಾರದಂತೆ ಅಲ್ಲಿನ ದೊಡ್ಡ ಕಿಟಕಿಗೆ ಫೋಮ್ ಅಂಟಿಸಿದರು.

ಆ್ಯಂಕರ್‌ನನ್ನು ಆ ದಿನಪತ್ರಿಕೆ ತರಬೇತಿಗೆ ಕರೆಯಿತು. ಪರೀಕ್ಷೆ ಮುಗಿದ ಕೂಡಲೇ ಕೆಲಸ.

ಆ ವಾರ ನಾನು ಪಾಠದ ಹಾಳೆಗಳ ಪ್ರತಿ ಮಾಡಿಸಲು ಅಕ್ಕನಲ್ಲಿಗೆ ಹೋದೆ. ‘ಗೆದ್ದುಬಿಟ್ರಲ್ಲ!’ ಎಂದೆ.

ಅಕ್ಕ ಮಿಷನ್‌ಗೆ ಕಾಗದ ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. ಮೂಲೆಯಿಂದ ಅತ್ತೆ ಹೇಳಿದರು: ‘ನನ್ನ ಸೊಸೆ ಇಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ಪೇಪರ್ ನೋಡಿದ ಮೇಲೇ ನನಗೆ ಗೊತ್ತಾಗಿದ್ದು.’

‘ಸುಮ್ಮನಿರಿ ಅತ್ತೆ’ ಎಂದಳು ಅಕ್ಕ.

‘ಯಾಕೆ ಸುಮ್ಮನಿರಲಿ? ಮನೇಲಿ ಉಪ್ಪು ಬೇಕು ಅನ್ನೋಕೂ ಸನ್ನೆ ಮಾಡೋಳು ನೀನು.’ ಅತ್ತೆಗೆ ಕೆಮ್ಮು ಒತ್ತರಿಸಿ ಬಂತು. ಅದು ನಿಲ್ಲುವ ತನಕ ಸೊಸೆ ಅವರ ಬೆನ್ನು ನೀವಿದಳು.

‘ನೀವು ಹಾಗೆ ಹೇಳಿರಲಿಲ್ವಾ?’ ಎಂದೆ.

‘ಇಲ್ಲ ಮೇಡಂ.’

ಮಿಕ್ಕದ್ದನ್ನು ಎಳೆದೆಳೆದು ಹೊರಡಿಸಬೇಕಾಯಿತು. ಗೇಟಿನ ಪಕ್ಕದ ಕೋಣೆ ಬೇಕೆಂದು ಅರ್ಜಿ ಹಾಕಿದವಳು ಅವಳೇ. ಅತ್ತೆಗೆ ಗಾಳಿ ಬೇಕು ಎಂದು ಡಾಕ್ಟರು ಹೇಳಿದ ದಿನದಿಂದ ಕಚೇರಿಗೆ ಅಲೆದಿದ್ದಳು. ಕೊನೆಗೆ ಕುಲಸಚಿವರು ಒಪ್ಪಿದ್ದರು. ತೆರವಿನ ನೋಟೀಸು ಬಿದ್ದದ್ದೇ ಅವಳು ಅಲ್ಲಿಗೆ ಹೋಗಲೆಂದು.

‘ಮತ್ತೆ ಹುಡುಗರಿಗೆ ಹೇಳಬೇಕಿತ್ತಲ್ಲ!’ ನನ್ನ ದನಿ ಏರಿತು.

‘ನನಗೋಸ್ಕರ ಅಂತ ಬಿಸಿಲಲ್ಲಿ ನಿಂತು ಕೂಗ್ತಿದ್ರು ಮೇಡಂ. ನಿಲ್ಸಿ ಅನ್ನೋಕೆ ಬಾಯಿ ಬರ್ಲಿಲ್ಲ.’

ನನಗೆ ಸಿಟ್ಟು ಬಂತು. ಹುಡುಗನ ಮೇಲೆ ಮುಕ್ಕಾಲು, ಉಳಿದದ್ದು ನನ್ನ ಮೇಲೆ.

ಆ್ಯಂಕರ್‌ನನ್ನು ಕರೆಸಿ ಕೇಳಿದೆ. ಮೊದಲು ಕಾಗೆ ಹಾರಿಸಲು ನೋಡಿದ, ಆಮೇಲೆ ದಾರಿಗೆ ಬಂದ. ‘ಅವರು ಕೆಲಸದಲ್ಲಿದ್ರು ಮೇಡಂ. ಏನನ್ನಿಸ್ತು ಅಂತ ಕೇಳಿದೆ, ಉತ್ತರ ಬರ್ಲಿಲ್ಲ. ಬಾಯಲ್ಲಿ ಹೇಳದಿದ್ರೂ ಮನಸ್ಸಲ್ಲಿ ಅದೇ ಇರುತ್ತಲ್ಲ ಅಂತ...’

‘ಎಷ್ಟು ಹೊತ್ತು ಕಾದೆ?’

ತಿದ್ದುಪಡಿ ಹಾಕಿದರೆ ದಿನಪತ್ರಿಕೆಯವರಿಗೂ ಕಳಿಸಬೇಕು, ಕಳಿಸಿದರೆ ಕೆಲಸ ಹೋಗುತ್ತದೆ ಎಂದು ಗೋಗರೆದ. ಹೋಗಬಹುದು ಎಂದೆ. ನಿಯಮ ಗೊತ್ತಿತ್ತಲ್ಲ ಎಂದೆ. ಆಗ ನಾನು ತೋರಿಸಿದಷ್ಟು ಗಟ್ಟಿತನ ಒಳಗೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಅಂಗಡಿಗೆ ಹೋದೆವು. ಜನ ಕಡಿಮೆಯಾಗಲಿ ಎಂದು ಅವನು ಕಾಯುತ್ತಿದ್ದ, ಜೆರಾಕ್ಸ್ ಅಂಗಡಿಯಲ್ಲಿ ಜನ ಕಡಿಮೆಯಾಗುವುದಿಲ್ಲ. ಕೊನೆಗೆ ಸರದಿಯಲ್ಲಿ ನಿಂತವರ ನಡುವೆಯೇ ಚೀಟಿ ಬಿಚ್ಚಿ ತನ್ನ ಎಂದಿನ ದನಿಯಲ್ಲಿ ಓದಿದ:

‘ಜೆರಾಕ್ಸ್ ಅಂಗಡಿಯ ಒಡತಿಯ ಹೆಸರಿನಲ್ಲಿ ಪ್ರಕಟವಾದ ಹೇಳಿಕೆಯನ್ನು ಅವರು ನೀಡಿರಲಿಲ್ಲ. ಇದರಿಂದ ಅವರ ಮನಸ್ಸಿಗೆ ತೀವ್ರ ನೋವಾಗಿದ್ದು, ವರದಿಗಾರನನ್ನು ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದಾರೆ.’

ಅಕ್ಕ ಮಿಷನ್ ನಿಲ್ಲಿಸಿದಳು.

‘ಯಾವಾಗ ಕ್ಷಮಿಸಿದೆ?’

ಅವನು ಚೀಟಿಯನ್ನೇ ನೋಡಿದ.

‘ನೋವಾಯ್ತು ಅಂತ ನಿನಗೆ ಯಾರು ಹೇಳಿದ್ರು? ನನ್ನನ್ನ ಕೇಳಿದ್ಯಾ?’ ದನಿ ಏರಿಸಲಿಲ್ಲ ಅವಳು. ನಿಜವಾಗಿ ತಿಳಿಯಬೇಕಾಗಿದೆ ಎಂಬಂತೆ ಕೇಳಿದಳು. ‘ಆವತ್ತೂ ನೀನೇ ಬರ್ಕೊಂಡೆ. ಇವತ್ತೂ ನೀನೇ ಬರ್ಕೊಂಡು ಬಂದಿದ್ದೀಯ.’

ಸರದಿಯಲ್ಲಿದ್ದ ಯಾರೋ ಕಿಸಕ್ಕೆಂದರು. ಹುಡುಗನ ಕಿವಿ ಕೆಂಪಾಯಿತು. ಅವನು ಚೀಟಿ ಮಡಚಿ ಜೇಬಿಗೆ ಹಾಕಿದ, ಪೆನ್ನು ತೆಗೆದ. ಅವನ ಎಂದಿನ ದನಿ ಎಲ್ಲಿ ಹೋಗಿತ್ತೋ.

‘ಹಾಗಾದ್ರೆ ನಿಮಗೆ ಏನು ಬೇಕು ಅಕ್ಕ?’

ಬೇಕಾದ್ದನ್ನು ಬಾಯಿಬಿಟ್ಟು ಹೇಳುವುದು ಅಕ್ಕನಿಗೆ ಅಭ್ಯಾಸವಿಲ್ಲದ ಕೆಲಸ. ಮಿಷನ್‌ನ ಮುಚ್ಚಳ ಎತ್ತಿದಳು, ಇಳಿಸಿದಳು. ಅತ್ತೆಯನ್ನು ನೋಡಿದಳು. ಅತ್ತೆ ಕೂಡ, ಅಂಥ ಬಾಯಿಯವರು, ಪಿನ್ನು ಹೊಡೆಯುವುದನ್ನು ಬಿಟ್ಟು ಸುಮ್ಮನಿದ್ದರು. ಹುಡುಗ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಕಾದ. ಉತ್ತರಕ್ಕೆ ಅವನು ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಅತ್ತೆಗೆ ಕೆಮ್ಮು’ ಎಂದಳು ಅಕ್ಕ ಕೊನೆಗೆ. ‘ಕಿಟಕಿ ಇರೋ ರೂಮು ಬೇಕು. ಆ ಗೇಟಿನ ಹತ್ರದ್ದು.’

ಅವನು ಅಷ್ಟನ್ನೇ ಬರೆದುಕೊಂಡ. ಬರೆದದ್ದನ್ನು ಅವಳಿಗೆ ಓದಿ ಹೇಳಿದ. ಹೌದು ಎಂದಳು. ‘ಕ್ಷಮಿಸೋದು ಆಮೇಲೆ ನೋಡೋಣ’ ಎಂದು ಮಿಷನ್ ಶುರು ಮಾಡಿದಳು.

ಸರದಿಯಲ್ಲಿ ಪೋಸ್ಟರ್ ಮಾಡಿದ ಹುಡುಗಿಯರೂ ಇದ್ದರು. ನಮ್ಮ ಸ್ಟುಡಿಯೋದ ಕೀಲಿ ಅವರಲ್ಲೊಬ್ಬಳ ಕೈಯಲ್ಲಿತ್ತು. ಅವಳು ಅದನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದಳು. ನಾನು ಕೇಳುವ ಮೊದಲೇ ತಂದು ಅಕ್ಕನ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೋದಳು.

ಕೋಣೆ ನಮಗೆ ಬೇಡ, ಅಕ್ಕನಿಗೇ ಕೊಡಿ ಎಂದು ವಿಭಾಗದಿಂದ ಬರೆದುಕೊಟ್ಟೆ. ಕುಲಸಚಿವರು ನನ್ನನ್ನು ಕೂರಿಸಿಕೊಂಡು, ನಿಮ್ಮವರಿಗೆ ಸುದ್ದಿ ಬರೆಯೋದನ್ನ ಕಲಿಸ್ತೀರೋ ನಾಟಕ ಬರೆಯೋದನ್ನೋ ಎಂದು ವಿಚಾರಿಸಿ, ಸಹಿ ಹಾಕಿದರು. ಕೇಳಿಸಿಕೊಂಡು ಬಂದೆ. ದಿನಪತ್ರಿಕೆ ತಿದ್ದುಪಡಿಯನ್ನು ಒಳಪುಟದ ಮೂಲೆಗೆ ತಳ್ಳಿತು. ಅದನ್ನು ಯಾರೂ ಹಂಚಿಕೊಳ್ಳಲಿಲ್ಲ, ಪೋಸ್ಟರ್ ಮಾಡಲಿಲ್ಲ. ಆ್ಯಂಕರ್‌ಗೆ ಸದ್ಯಕ್ಕೆ ಬರಬೇಡಿ ಎಂದು ಫೋನು ಬಂತು. ನನಗೆ ಸಂಕಟವಾಯಿತು, ಆದರೆ ಸಮಾಧಾನ ಹೇಳಲು ಹೋಗಲಿಲ್ಲ.

ಕಿಟಕಿಯ ಫೋಮು ಕಿತ್ತವನು ಅವನೇ. ಅಂಟು ಬಿಡಲಿಲ್ಲ, ಉಗುರಿನಿಂದ ಕೆರೆದ. ಮಿಷನ್ ಸಾಗಿಸಿ, ಸ್ಟೂಲನ್ನು ಕಿಟಕಿಯ ಕೆಳಗಿಟ್ಟು ಅತ್ತೆಯನ್ನು ಕೂರಿಸಿದೆವು. ಅವರು ಕಿಟಕಿಯಾಚೆ ಓಡಾಡುವವರನ್ನೆಲ್ಲ ನೋಡುತ್ತ ಕೂತರು. ಆಮೇಲೆ ಹುಡುಗನ ಕಡೆ ತಿರುಗಿ, ‘ಏನಪ್ಪ, ಎಲ್ಲರನ್ನೂ ಕೇಳ್ತೀಯ, ನನ್ನನ್ನ ಏನೂ ಕೇಳಲ್ವಾ?’ ಎಂದರು.

‘ಹೇಗಿದೆ ಅಜ್ಜಿ?’

ಎಷ್ಟೋ ಹೊತ್ತು ಯೋಚಿಸಿದರು. ಅವನು ಪೆನ್ನು ಹಿಡಿದು ನಿಂತೇ ಇದ್ದ.

‘ಗಾಳಿ ಬರ್ತಿದೆ’ ಎಂದರು.

ಆ ವಾರದ ಪತ್ರಿಕೆಗೆ ಅವನು ಕೊಟ್ಟದ್ದು ಅದೊಂದೇ ಹೇಳಿಕೆ. ಇದರಲ್ಲಿ ಏನಿದೆ ಮೇಡಂ, ಸಪ್ಪೆ ಎಂದು ತರಗತಿ ಮೂಗು ಮುರಿಯಿತು. ಡೆಸ್ಕಿನಲ್ಲಿ ಕೂತಂದಿನಿಂದ ನನ್ನ ಕೈ ಮುಟ್ಟಿದ ವರದಿ ಕೆಂಪು ಗೆರೆಯಿಲ್ಲದೆ ಮುಂದೆ ಹೋದದ್ದಿಲ್ಲ. ಇದನ್ನು ಇದ್ದ ಹಾಗೇ ಅಚ್ಚಿಗೆ ಕಳಿಸಿದೆ.