ಹೀರೋನ ಸ್ವಂತ ದನಿ

ಸಾಲಾಗಿ ಒಂಬತ್ತು ಸಿನಿಮಾ ಗೆದ್ದ ಹೀರೋನನ್ನು ಜನ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದುದು ಅವನ ಗುಡುಗಿನಂಥ ದನಿಗಾಗಿ. ಆ ದನಿ ಅವನ ಭಾವನದು. ಸೆಟ್ಟಿನಲ್ಲಿ ಹೀರೋ ತುಟಿಯಷ್ಟೇ ಆಡಿಸುತ್ತಿದ್ದ, ಆಮೇಲೆ ಭಾವ ಸ್ಟುಡಿಯೋದಲ್ಲಿ ಕೂತು ಗುಡುಗುತ್ತಿದ್ದ. ಈಗ ಕಾಲ ಬದಲಾಗಿತ್ತು. ಹೊಸ ನಿರ್ದೇಶಕಿ, "ಡಬ್ಬಿಂಗ್ ಗಿಬ್ಬಿಂಗ್ ಎಲ್ಲ ಇಲ್ಲ ಸಾರ್. ಇಲ್ಲೇ ಮಾತಾಡಿ, ಇಲ್ಲೇ ರೆಕಾರ್ಡು," ಅಂದುಬಿಟ್ಟಳು.

ಹೀರೋನ ಸ್ವಂತ ದನಿ ಎಣ್ಣೆ ಕಾಣದ ಬಾಗಿಲಿನದು. ಅದು ಹೊರಬಿದ್ದರೆ ಅವನ ಕಥೆ ಮುಗಿದಂತೆಯೇ. ಮೈಕು ತಲೆ ಮೇಲೆ ಇಳಿಯಿತು. ಹಳೇ ಅಭ್ಯಾಸದಂತೆ ಬರೀ ತುಟಿ ಆಡಿಸಿದ. ಸೌಂಡ್ ಇಂಜಿನಿಯರ್ ಮೂರು ಮೈಕು ಬದಲಿಸಿ, ನಾಲ್ಕನೆಯದಕ್ಕೆ ಬಾಯಿಗೆ ಬಂದಂತೆ ಬೈದ.

ಗುಟ್ಟು ಬಲ್ಲ ಮೇಕಪ್ ಅಕ್ಕ ಬೆವರು ಒರೆಸುವ ನೆಪದಲ್ಲಿ ಬಂದು ಪಿಸುಗುಟ್ಟಿದಳು: "ಲೋ ಪುಣ್ಯಾತ್ಮ, ಸೌಂಡ್ ಬಿಡೋ! ಇನ್ನೆಷ್ಟು ದಿನ ಹಿಂಗೇ ಹೆದರ್ತೀಯ?"

ಹೀರೋ ದೇವರ ಮೇಲೆ ಭಾರ ಹಾಕಿ, "ಯಾರನ್ನೂ ಬಿಡಲ್ಲ ನಾನು!" ಎಂದು ಕೀರಲು ದನಿಯಲ್ಲಿ ಕೂಗಿದ.

"ಯಾರ್ರೀ ಅದು, ಸಾರ್ ಡೈಲಾಗ್ ಮಧ್ಯೆ ಕಿರುಚಿದ್ದು?" ನಿರ್ದೇಶಕಿ ರೇಗಿದಳು. ಇಡೀ ಸೆಟ್ಟು ಅಪರಾಧಿಗಾಗಿ ಹುಡುಕಾಡಿತು. ಎಲ್ಲರಿಗಿಂತ ಮೊದಲು ಹಿಂದಕ್ಕೆ ತಿರುಗಿ ನೋಡಿದವನು ಹೀರೋ.