ಕಳಿಸದೆ ಉಳಿದ ಹನ್ನೊಂದು ಪಾಠ

"ಫೋನಿನ ಲಾಕ್ ತೆಗೆದುಕೊಡಿ ಸಾಕು ಮೇಡಂ, ಐದೇ ನಿಮಿಷ," ಎಂದು ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು. ಒಳಗೆ ಗಣಿತದ ಮೇಷ್ಟ್ರ ಶವಕ್ಕೆ ಅಳಿಯ ಷರಟಿನ ಗುಂಡಿ ಹಾಕುತ್ತಿದ್ದ.

ಮೇಷ್ಟ್ರ ಹೆಂಡತಿ ಗಂಡನ ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಯಾಕೆ?"

"ಹನ್ನೊಂದು ಪಾಠ ಅದರಲ್ಲೇ ಉಳಿದುಬಿಟ್ಟಿವೆ. ಪರೀಕ್ಷೆ ಹತ್ತಿರ ಬಂತು ನೋಡಿ."

*

ಇನ್ನು ಪಾಠವೆಲ್ಲ ವಿಡಿಯೊದಲ್ಲಿ ಎಂದು ಶಾಲೆ ಹೇಳಿದಾಗ ಮಿಕ್ಕವರು ಗೊಣಗಿದರು. ಮೂವತ್ತೊಂದು ವರ್ಷ ಸೀಮೆಸುಣ್ಣ ಸವೆಸಿದ್ದ ಮೇಷ್ಟ್ರು ಮಾತ್ರ ಗೊಣಗಲಿಲ್ಲ. ದನಿ ಗುಂಯ್‌ಗುಡದಿರಲೆಂದು ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದರು. ಆದರೆ ಫೋನಿನ ಮುಂದೆ ನಿಂತರೆ ಬಾಯಿ ಕಟ್ಟುತ್ತಿತ್ತು.

"ನೀನು ಅದರ ಹಿಂದೆ ಕೂತ್ಕೊ," ಎಂದರು ಹೆಂಡತಿಗೆ. "ಅರ್ಥ ಆಗದಿದ್ರೆ ಮುಖ ಗಂಟು ಹಾಕ್ಕೋ."

"ಭಿನ್ನರಾಶಿ ಅಂದ್ರೇನೇ ನಂಗೆ ಗೊತ್ತಿಲ್ಲ."

"ಅದಕ್ಕೇ ನೀನು ಬೇಕು."

ಆಕೆ ಮುಖ ಗಂಟು ಹಾಕಿದಾಗಲೆಲ್ಲ ಮೊದಲಿಂದ ಶುರು. ಹಾಗೆ ಇನ್ನೂರು ಪಾಠ ಮುಗಿಸಿದರು. ಹನ್ನೊಂದು ಕಳಿಸುವುದು ಬಾಕಿಯಿದ್ದಾಗ ಇದೇ ಪ್ರಿನ್ಸಿಪಾಲರು ಕರೆಸಿ, ಪಾಠಗಳಂತೂ ನಮ್ಮ ಹತ್ತಿರ ಇವೆಯಲ್ಲ, ನೀವಿನ್ನು ವಿಶ್ರಾಂತಿ ತಗೊಳ್ಳಿ ಎಂದರು.

ಮೇಷ್ಟ್ರು ಮನೆಗೆ ಬಂದು ಕಂಬಳಿಗಳನ್ನೆಲ್ಲ ಇಳಿಸಿ ಮಡಚಿಟ್ಟರು. "ನನ್ನ ಕೆಲಸ ನಾನೇ ಕಿತ್ಕೊಂಡೆ ಕಣೇ," ಎಂದರು. ಎಂಟು ತಿಂಗಳಿಗೆ ಎದೆಬಡಿತ ನಿಂತಿತು.

*

"ಕೊಡಲ್ಲ," ಎಂದಳು ಆಕೆ.

"ದುಃಖದಲ್ಲಿ ಹಾಗನ್ನಬೇಡಿ ಮೇಡಂ. ಮೇಷ್ಟ್ರು ಎಲ್ಲೂ ಹೋಗಿಲ್ಲ. ಈಗಲೂ ಒಂಬತ್ತನೇ ಕ್ಲಾಸಿಗೆ ಪಾಠ ಹೇಳ್ತಾ ಇದ್ದಾರೆ."

ಆಕೆ ಬಾಗಿಲಿಗೆ ಅಡ್ಡ ನಿಂತಳು. "ಈಗಲೂನಾ? ಹೆಣ ಇನ್ನೂ ಮನೆ ಬಿಟ್ಟಿಲ್ಲ, ಅಲ್ಲಿ ಅವರನ್ನ ದುಡಿಸ್ತಾ ಇದ್ದೀರಾ? ಒಂದು ದಿನ ರಜೆ ಕೊಡೋಕೂ ನಿಮ್ಮ ಕೈಲಾಗಲಿಲ್ವಾ?"

ಗೇಟು ಕಿರುಗುಟ್ಟಿತು. ಸಮವಸ್ತ್ರದ ಮಕ್ಕಳು ಇಬ್ಬಿಬ್ಬರಾಗಿ ಒಳಗೆ ಬಂದರು.

"ಕ್ಲಾಸ್ ಬಿಟ್ಟು ಬರೋಕೆ ಯಾರು ಹೇಳಿದ್ದು?" ಎಂದರು ಪ್ರಿನ್ಸಿಪಾಲರು.

ಮುಂದಿದ್ದ ಹುಡುಗಿ ಅವರತ್ತ ನೋಡಲೇ ಇಲ್ಲ. ಮೇಷ್ಟ್ರ ಹೆಂಡತಿಗೆ ಹೇಳಿದಳು: "ಪಾಠ ಇನ್ನೂ ನಡೀತಾನೇ ಇದೆ ಆಂಟಿ. ಸರ್ ಮಾತಾಡ್ತಿರೋವಾಗ ಆಫ್ ಮಾಡೋಕೆ ಕೈ ಬರಲಿಲ್ಲ. ಹಾಗೇ ಎದ್ದು ಬಂದ್ವಿ."

ಆಕೆ ಬಾಗಿಲಿಂದ ಪಕ್ಕಕ್ಕೆ ಸರಿದಳು. ದನಿ ಗಡುಸಾಗಿಯೇ ಇತ್ತು. "ಬನ್ನಿ. ಎಲ್ಲರಿಗಿಂತ ಮುಂದೆ ಹೋಗಿ ನಿಂತ್ಕೊಳ್ಳಿ."

ಒಬ್ಬೊಬ್ಬರಾಗಿ ಒಳಗೆ ಹೋದರು. ಹೊಸ್ತಿಲ ಹೊರಗೆ ನಲವತ್ತು ಜೊತೆ ಕರಿ ಬೂಟುಗಳು ರಾಶಿಬಿದ್ದವು. ಅವುಗಳ ನಡುವೆ ಪ್ರಿನ್ಸಿಪಾಲರು ಒಂದು ಕಾಲು ಎತ್ತಿಕೊಂಡು, ಅದನ್ನು ಊರಲು ಜಾಗ ಹುಡುಕುತ್ತ ನಿಂತಿದ್ದರು.