ಮೂರು ರಾಜರ ಮಾಲದಿ

ಅಥವಾ ಬಾದಾಮಿಯನ್ನು ತಾನು ನಡುವಿನ ಉಂಡೆಯಲ್ಲೇ ಇಟ್ಟಿದ್ದನೇ? ಕಮಲಾಪುರದ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕುಳಿತ ಪ್ರೇಮಕುಮಾರನಿಗೆ ಅದೇ ಚಿಂತೆ. ಇಲ್ಲ, ಅಂಚಿನದರಲ್ಲೇ, ಕರಿ ಕಲೆ ಇದ್ದದ್ದರಲ್ಲಿ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಒಂದು ಬಾದಾಮಿಯ ವಿಷಯದಲ್ಲೂ ಖಚಿತವಾಗಿ ಏನೂ ಗೊತ್ತಿರಲಿಲ್ಲ.

ಜನವರಿ ಆರರಂದು ಸ್ವಿಟ್ಜರ್ಲೆಂಡಿನವರು ಮೂರು ರಾಜರ ಹಬ್ಬಕ್ಕೆ ಇಂಥ ಬ್ರೆಡ್ ಮಾಡುತ್ತಾರೆಂದು ಅವನು ಓದಿದ್ದ. ಹೂವಿನ ಎಸಳಿನಂತೆ ಅಂಟಿಕೊಂಡ ಸಿಹಿ ಉಂಡೆಗಳು. ಒಂದರೊಳಗೆ ಪುಟ್ಟ ಗೊಂಬೆ ಇಲ್ಲವೇ ಬಾದಾಮಿ. ಅದು ಸಿಕ್ಕವರು ಕಾಗದದ ಕಿರೀಟ ತೊಟ್ಟು ದಿನವೆಲ್ಲ ರಾಜರು. ಅವರು ಹೇಳಿದ್ದನ್ನು ಮನೆಯವರೆಲ್ಲ ಕೇಳಬೇಕು. ಅವನ ಸಹಪಾಠಿಯಾಗಿದ್ದ ಅಂಬಿಕಾಳನ್ನು ನೋಡಲು ಸೋಮವಾರ ಬೀದರಿನಿಂದ ಗಂಡಿನವರು ಬರುವವರಿದ್ದರು. ಅದಕ್ಕೂ ಮೊದಲು, ಇವತ್ತೇ, ಅವಳ ಮನೆಯಲ್ಲಿ ಕಲೆಯ ಉಂಡೆ ತಾನೇ ಎತ್ತಿಕೊಂಡು, ರಾಜನಾಗಿ, ಬಾಯಿ ಬಿಡಬೇಕು. ಬರಿತಲೆಯಲ್ಲಿ ಅಷ್ಟು ಧೈರ್ಯ ಬರುವಂತಿರಲಿಲ್ಲ. ತನ್ನ ಮೌನಕ್ಕೆ ಬಹಳ ಆಳವಿದೆ ಎಂದು ವರ್ಷಗಟ್ಟಲೆ ನಂಬಿದವನು ಅವನು. ಇಣುಕಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಶಹಾಬಜಾರದ ತನ್ನ ಬೇಕರಿಯಲ್ಲಿ, ಮೊಟ್ಟೆಯ ಬದಲು ಹಾಲು ಸವರಿ ಬ್ರೆಡ್ ಮಾಡಿಕೊಟ್ಟ ಗೆಳೆಯ ವಕಾರ್ ನಕ್ಕಿದ್ದ: "ಯಾರ್, ಹುಡುಗಿಗಿ ಹೇಳೋದು ಬಿಟ್ಟು ಹಿಟ್ಟಿಗಿ ಹೇಳಾಕತ್ತೀಯಲ್ಲೋ!"

"ಹಬ್ಬದ ಬ್ರೆಡ್ರಿ," ಎಂದು ಪ್ರೇಮಕುಮಾರ ಕಮಲಾಪುರದ ಮನೆಯಲ್ಲಿ ಕೊಟ್ಟ ಡಬ್ಬಿಯನ್ನು ಅಂಬಿಕಾಳ ಅಜ್ಜಿ ಹಣಮಮ್ಮ ಒಳಗೆ ಒಯ್ದಳು. ಅವನು ಅಂಬಿಕಾಳ ತಂದೆ ಕಲ್ಯಾಣಪ್ಪನವರ ಎದುರು ಕುಳಿತು, ಅವರ ತೋಟದ ಕೆಂಪು ಬಾಳೆಹಣ್ಣು ತಿನ್ನುತ್ತ, ಬ್ರೆಡ್ಡಿಗಾಗಿ ಕಾದ. ಬಂದದ್ದು ಬೋಗುಣಿ. ಅಜ್ಜಿ ಬ್ರೆಡ್ಡಿಗೆ ಬೆಲ್ಲ, ತುಪ್ಪ ಹಾಕಿ, ಪುಡಿಪುಡಿಯಾಗಿ ತಿಕ್ಕಿ, ಮಾಲದಿ ಮಾಡಿಬಿಟ್ಟಿದ್ದಳು.

"ಹಬ್ಬದ್ದು ಅಂದ್ಯಲ್ಲಪ್ಪಾ, ಹಂಗೇ ಒಣಾ ತಿಂತಾರೇನು?"

ಕಲೆಯ ಉಂಡೆ ಈಗ ಎಲ್ಲರ ತಟ್ಟೆಯಲ್ಲೂ ಇತ್ತು. ಪ್ರೇಮಕುಮಾರ ತನ್ನ ಪಾಲನ್ನು ಬೆರಳಿನಿಂದ ಕೆದಕಿದ. ಒಂದು ಒಣದ್ರಾಕ್ಷಿ ಸಿಕ್ಕಿತು. ಅಜ್ಜಿಯ ಬಾಯಲ್ಲಿ ಕಟಕ್ಕೆಂದಿತು.

"ಯವ್ವಾ! ಉಳಿದಿದ್ದ ಎರಡ್ ಹಲ್ಲಿನ ಮ್ಯಾಲ ಕಣ್ಣೇನೋ ನಿಂದು?"

ಪದ್ಧತಿಯನ್ನು ಅವನಿಂದ ಫೋನಿನಲ್ಲಿ ಕೇಳಿದ್ದ ಅಂಬಿಕಾ, ಡಬ್ಬಿಯೊಂದಿಗೆ ಬಂದಿದ್ದ ಕಿರೀಟವನ್ನು ಅಜ್ಜಿಯ ತಲೆಯ ಸೆರಗಿನ ಮೇಲೆಯೇ ಇಟ್ಟಳು. "ಆಯಿ, ಇವತ್ತ ನೀನೇ ರಾಣಿ. ಅಪ್ಪಣಿ ಕೊಡು."

"ಹೌದೇನು? ಹಂಗಾರ ಎಲ್ಲಾರೂ ಬಾಯಿ ಮುಚ್ರಿ. ಈ ತಮ್ಮ ಬಂದಾಗಿಂದ ಏನೋ ನುಂಗಾಕತ್ತಾನ. ಹೇಳಪ್ಪಾ, ಅದೇನದ ಹೇಳು."

ಕಲ್ಯಾಣಪ್ಪ ಮೊಬೈಲ್ ಕೆಳಗಿಟ್ಟರು. ಅಂಬಿಕಾ ಅವನ ಮುಖವನ್ನೇ ನೋಡಿದಳು. ಕಿರೀಟವಿಲ್ಲದೆಯೇ ಇಡೀ ರಾಜ್ಯ ಅವನ ಕೈಗೆ ಬಂದಿತ್ತು.

"ಸ್ವಿಟ್ಜರ್ಲೆಂಡಿನಾಗ," ಎಂದ ಪ್ರೇಮಕುಮಾರ, "ಇದನ್ನ ಪುಡಿ ಮಾಡಂಗಿಲ್ರಿ."

ಯಾರೂ ನಗಲಿಲ್ಲ. ಅವನು ಮಾತು ನಿಲ್ಲಿಸಲೂ ಇಲ್ಲ. ಭಾನುವಾರದ ಜಡೆ ಬ್ರೆಡ್ಡಿನ ಬಗ್ಗೆ ಹೇಳಿದ. ಡಿಸೆಂಬರಿನಲ್ಲಿ ಸಂತ ನಿಕೋಲಸನ ದಿನ ಮಾಡುವ, ಒಣದ್ರಾಕ್ಷಿ ಕಣ್ಣಿನ ಹಿಟ್ಟಿನ ಮನುಷ್ಯನ ಬಗ್ಗೆ ಹೇಳಿದ. ಜನ್ಮದಲ್ಲಿ ಅಷ್ಟು ಮಾತು ಅವನು ಆಡಿರಲಿಲ್ಲ.

"ಮತ್ತ?" ಎಂದಳು ಅಂಬಿಕಾ ಮೆಲ್ಲಗೆ. "ಮತ್ತೇನೂ ಹೇಳೋದಿಲ್ಲೇನ್ರಿ?"

"ಆ ಹಿಟ್ಟಿನ ಮನಷ್ಯಾಂದು ಮೊದಲ ತಲಿ ತಿಂತಾರೋ ಕಾಲು ತಿಂತಾರೋ, ಅದು ನನಗೂ ಗೊತ್ತಿಲ್ರಿ."

ಅಂಬಿಕಾ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳನ್ನು ಮದುವೆಯಾಗುವ ಆಸೆ ತನಗಿದೆ ಎಂದು ಪ್ರೇಮಕುಮಾರ ಹೇಳಲಿಲ್ಲ.